ನಾಲ್ಕನೇ ಬೋಲ್ಟು

ಬೈಕಿನಲ್ಲಿ ಹಿಂದೆ ಕೂತವರು ಒರಗಲೆಂದು ಹಾಕುವ ಬ್ಯಾಕ್‌ರೆಸ್ಟಿನ ನಾಲ್ಕು ಬೋಲ್ಟುಗಳಲ್ಲಿ ಮೂರು ಸಲೀಸಾಗಿ ಕೂರುತ್ತವೆ. ನಾಲ್ಕನೆಯದು ಕೂರುವುದಿಲ್ಲ. ಯಾವ ಬೈಕೇ ಆಗಲಿ, ನಾಲ್ಕನೇ ತೂತು 2 ಮಿಲಿಮೀಟರ್ ಆಚೆ ನಿಂತು ನಮ್ಮನ್ನೇ ನೋಡುತ್ತಿರುತ್ತದೆ. ಡಬ್ಬದ ಮೇಲೆ ಮಾತ್ರ ದಪ್ಪಕ್ಷರದಲ್ಲಿ ‘ಎಲ್ಲ ಬೈಕುಗಳಿಗೂ ಹೊಂದುತ್ತದೆ’. ಯಾವ ಬೈಕಿಗೂ ಅಂತ ಮಾಡಿದ್ದಲ್ಲ ಎಂದು ಓದಿಕೊಳ್ಳಬೇಕು, ಅಷ್ಟೆ.

ತಪ್ಪು ಪೂರ್ತಿ ತೂತಿನದ್ದಲ್ಲ ಬಿಡಿ. ಮೊದಲ ಬೋಲ್ಟು ಸಿಕ್ಕ ಖುಷಿಗೆ ಅದನ್ನು ಕಡೆತನಕ ಬಿಗಿದುಬಿಡುವ ಕೈಗೂ ಪಾಲಿದೆ. ಒಂದು ಕಡೆ ಬಿಗಿದರೆ ಬ್ಯಾಕ್‌ರೆಸ್ಟಿನ ಪಟ್ಟಿ ಎಳೆದುಕೊಂಡು ಇನ್ನೊಂದು ಕಡೆ ಸರಿಯುತ್ತದೆ. ನಾಲ್ಕನ್ನೂ ಬೆರಳಲ್ಲೇ ಮೂರ್ನಾಲ್ಕು ಸುತ್ತು ಹಿಡಿಸಿ, ಅಲ್ಲಾಡಿಸಿ ನೆಟ್ಟಗೆ ಕೂರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಬೆರಳಿಗೆ ಬಗ್ಗದ ಬೋಲ್ಟು ಸ್ಪ್ಯಾನರಿಗೆ ಬಗ್ಗುತ್ತದೆ, ನಿಜ. ಜೊತೆಗೆ ಅದರ ಸುರುಳಿ ಗೆರೆ, ಅಂದರೆ ಥ್ರೆಡ್ಡೂ ಹೋಗುತ್ತದೆ. ಮಡ್‌ಗಾರ್ಡ್ ಹಿಡಿದಿರುವ ಬೋಲ್ಟುಗಳೇ ಬ್ಯಾಕ್‌ರೆಸ್ಟಿಗೂ ಆಗಬೇಕಾದ ಬೈಕಿನಲ್ಲಿ ಎರಡೂ ಬದಿ ಒಟ್ಟಿಗೆ ಬಿಚ್ಚಬಾರದು. ಮಡ್‌ಗಾರ್ಡ್ ಟೈರಿನ ಮೇಲೆ ಒರಗಿಬಿಡುತ್ತದೆ. ಪಟ್ಟಿಯ ದಪ್ಪ ಸೇರಿ ಹಳೇ ಬೋಲ್ಟು ಗಿಡ್ಡವಾಯಿತೆಂದು ಸಿಕ್ಕಷ್ಟು ಉದ್ದದ್ದನ್ನು ಹಾಕಿದರೆ, ಇಬ್ಬರು ಕೂತು ಹಂಪ್ ದಾಟುವಾಗ ಅದರ ತುದಿ ಟೈರನ್ನು ಗೀಚುತ್ತದೆ.

ಇನ್ನು ವಾಷರ್. ಅದು ಬೀಳುತ್ತದೆ. ಬೀಳಬಹುದು ಅಲ್ಲ, ಬೀಳುತ್ತದೆ. ಒಂದು ಕೈಯಲ್ಲಿ ವಾಷರ್ ಪೋಣಿಸಿದ ಬೋಲ್ಟು, ಇನ್ನೊಂದು ಕೈ ಮಡ್‌ಗಾರ್ಡಿನ ಒಳಗೆ ನಟ್ಟು ಹಿಡಿದು ಕುರುಡಾಗಿ ತಡಕುತ್ತಿದೆ, ಬಾಯಲ್ಲಿ ಅಲೆನ್ ಕೀ. ಆಗಲೇ ಮೂಗು ತುರಿಸುವುದು. ಟಿಣ್. ಆಮೇಲೆ ಇನ್ನೊಂದು ಸಣ್ಣ ಟಿಣ್. ನೆಲಕ್ಕೆ ಬಿದ್ದ ಸದ್ದು ಮಾತ್ರ ಬರುವುದಿಲ್ಲ. ಟಾರ್ಚ್ ಹಿಡಿಯಲು ಬಂದವರು ಬೆಳಕನ್ನು ನೇರ ನಮ್ಮ ಕಣ್ಣಿಗೇ ಬಿಟ್ಟು ‘ಸಿಕ್ತಾ?’ ಅನ್ನುತ್ತಾರೆ. ಮ್ಯಾಗ್ನೆಟ್ ಕಡ್ಡಿ ಇಳಿಸಿದರೆ ಅದು ಹೋಗಿ ಫ್ರೇಮಿಗೆ ಅಂಟುತ್ತದೆ; ಕಿತ್ತರೆ ಪಕ್ಕದ ಬ್ರಾಕೆಟ್ಟಿಗೆ. ವಾಷರಿಗೆ ಮಾತ್ರ ಇಲ್ಲ. ತುಕ್ಕು ಹಿಡಿಯಬಾರದೆಂದು ಕಾಸು ಹೆಚ್ಚು ಕೊಟ್ಟು ತಂದ ಸ್ಟೇನ್‌ಲೆಸ್ ಸ್ಟೀಲಲ್ಲವೇ, ಅಂಥ ವಾಷರುಗಳನ್ನು ಸಾಮಾನ್ಯವಾಗಿ ಮ್ಯಾಗ್ನೆಟ್ ಮೂಸಿಯೂ ನೋಡುವುದಿಲ್ಲ. ಬೈಕ್ ಅಲ್ಲಾಡಿಸಿದರೆ ಒಳಗಿಂದ ‘ಇಲ್ಲೇ ಇದ್ದೀನಿ’ ಎಂದು ಕಿಣಿಕಿಣಿ. ಹೋಗಲಿ ಬಿಡು ಅನ್ನುವ ಹಾಗೂ ಇಲ್ಲ. ಬ್ಯಾಟರಿಯ ಪ್ಲಸ್ಸಿಗೂ ಫ್ರೇಮಿಗೂ ಅಡ್ಡ ಬಿದ್ದರೆ ಕಿಡಿ ಹಾರುತ್ತದೆ. ಮೊದಲೇ ಕೆಳಗೆ ಬಟ್ಟೆ ತುರುಕಿ, ವಾಷರಿಗೆ ಒಂದು ಬೊಟ್ಟು ಗ್ರೀಸ್ ಹಚ್ಚಿ ತೂತಿನ ಮೇಲೆ ಅಂಟಿಸಿದ್ದರೆ ಮುಗಿದಿತ್ತು. ಅದು ನೆನಪಾಗುವುದು ಎರಡನೇ ಟಿಣ್ ಆದ ಮೇಲೆ. ಆಗ ಅವಸರದಲ್ಲಿ ಹಚ್ಚಿದ ಗ್ರೀಸ್ ಥ್ರೆಡ್ಡಿಗೂ ಮೆತ್ತಿಕೊಳ್ಳುತ್ತದೆ. ಒರೆಸದಿದ್ದರೆ ಬೋಲ್ಟು ಸಡಿಲಾಗದಂತೆ ಹಚ್ಚುವ ಅಂಟು, ಥ್ರೆಡ್ ಲಾಕ್, ಸರಿಯಾಗಿ ಹಿಡಿಯುವುದಿಲ್ಲ.

ಈ ಕೆಲಸಕ್ಕೆಂದು ಬಿಚ್ಚಿದ್ದ ಸೀಟನ್ನು ಮತ್ತೆ ಕೂರಿಸುವ ಕಥೆ ಚಿಕ್ಕದು. ಅದರ ಮುಂದಿನ ನಾಲಿಗೆ ಟ್ಯಾಂಕಿನ ಹಿಂದಿರುವ ಕೊಂಡಿಯೊಳಗೆ ಹೋಗಬೇಕು. ಹೋಗದೆಯೂ ಹೋದಂತೆಯೇ ಕಾಣುತ್ತದೆ, ಆದ್ದರಿಂದ ಹಿಂದಿನ ಬೋಲ್ಟು ಬಿಗಿದ ಮೇಲೆ ಮುಂಭಾಗ ಹಿಡಿದು ಮೇಲಕ್ಕೆ ಜಗ್ಗಿ ನೋಡಿ. ತಳದ ರಬ್ಬರುಗಳೆಲ್ಲ ಫ್ರೇಮಿಗೆ ಊರಿರಬೇಕು. ಅವುಗಳ ಮಧ್ಯೆ ಇಂಡಿಕೇಟರ್ ವೈರು ಸಿಕ್ಕಿದರೆ ಆ ಹೊತ್ತಿಗೆ ಏನೂ ಆಗುವುದಿಲ್ಲ. ಫ್ಯೂಸ್ ಹಾರುವುದು ಮಳೆಯಲ್ಲಿ, ಕತ್ತಲಲ್ಲಿ. ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳ ಬಿಗಿ ಇನ್ನೊಮ್ಮೆ ನೋಡಬೇಕು. ಯಾರೂ ನೋಡುವುದಿಲ್ಲ.

ಇಷ್ಟೆಲ್ಲ ಆಗಿ ಹಿಂದೆ ಕೂತವರು ‘ಆಹಾ’ ಎಂದು ಒರಗುತ್ತಾರೆ. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಭುಜ ಹಿಡಿಯುತ್ತಿದ್ದ ಕೈ ಈಗ ಬರುವುದಿಲ್ಲ. ಅದರ ಭಾರ ಇಷ್ಟು ವರ್ಷ ಕಿರಿಕಿರಿ ಅನಿಸಿತ್ತು. ಈಗ ಭುಜ ಸುಮ್ಮಸುಮ್ಮನೆ ಕಾಯುತ್ತದೆ.

ಹತ್ತುವಾಗ ಮಾತ್ರ ಬ್ಯಾಕ್‌ರೆಸ್ಟ್ ಬೇಲಿಯೇ. ಹಿಂದಿನಂತೆ ಕಾಲು ಬೀಸಿ ಹತ್ತುವ ಹಾಗಿಲ್ಲ. ಫುಟ್‌ರೆಸ್ಟ್ ಮೇಲೆ ನಿಂತು, ಮಂಡಿ ಮಡಚಿ, ಕಾಲನ್ನು ಪ್ಯಾಡಿಗೂ ಮುಂದಿನವರ ಬೆನ್ನಿಗೂ ನಡುವೆ ನುಸುಳಿಸಬೇಕು. ಅಲ್ಲಿರುವ ಜಾಗಕ್ಕೆ ಆ ಮಂಡಿ ಹಿಡಿಸುವುದಿಲ್ಲ. ಮುಂದಿನವರ ಪಕ್ಕೆಲುಬು ಜಾಗ ಬಿಡಬೇಕು.