ಗುಟ್ಟಿನ ಸಂಖ್ಯೆ, ಗಟ್ಟಿ ದನಿ

ನಮ್ಮ ದಾವಣಗೆರೆಯ ಬ್ಯಾಂಕ್ ಶಾಖೆಯೊಂದರ ಗೋಡೆಯ ಮೇಲೆ ‘ಒಟಿಪಿಯನ್ನು ಯಾರಿಗೂ ಹೇಳಬೇಡಿ, ಬ್ಯಾಂಕ್ ಸಿಬ್ಬಂದಿಗೂ ಹೇಳಬೇಡಿ’ ಎಂಬ ದಪ್ಪಕ್ಷರದ ಭಿತ್ತಿಪತ್ರವಿದೆ. ಮೆಕ್ಕೆಜೋಳದ ದುಡ್ಡು ಜಮೆಯಾಯಿತೇ ಎಂದು ಮನೆಯಲ್ಲೇ ಕುಳಿತು ನೋಡುವ ಆಸೆಯಿಂದ ಮೊಬೈಲ್ ಬ್ಯಾಂಕಿಂಗ್ ಹಾಕಿಸಿಕೊಳ್ಳಲು ಬಂದಿದ್ದ ಹಿರಿಯರೊಬ್ಬರಿಗೆ, ಆ ಭಿತ್ತಿಪತ್ರದ ಕೆಳಗೇ ಕುಳಿತಿದ್ದ ಸಿಬ್ಬಂದಿ, ‘ಯಜಮಾನ್ರೇ, ಆರು ಅಂಕಿ ಬಂದಾವೇನು? ಜೋರಾಗಿ ಹೇಳ್ರಿ, ಫ್ಯಾನಿನ ಸದ್ದಿಗೆ ಕೇಳವಲ್ದು’ ಎಂದರು.

ಹಿರಿಯರು ಮಗ್ಗಿ ಒಪ್ಪಿಸುವ ಹುಡುಗನಂತೆ ಎದ್ದು ನಿಂತು ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳಿದರು. ಸಾಲಿನಲ್ಲಿದ್ದ ನಾವೆಲ್ಲರೂ ಶ್ರದ್ಧೆಯಿಂದ ಕೇಳಿಸಿಕೊಂಡೆವು. ನಾಲ್ಕನೆಯದನ್ನು ಅವರು ಏಳು ಎಂದು ಓದಿದಾಗ, ಹಿಂದೆ ನಿಂತಿದ್ದ ಹೆಂಗಸೊಬ್ಬರು ಅವರ ಹೆಗಲ ಮೇಲಿಂದ ಇಣುಕಿ ‘ಅದು ಒಂದು’ ಎಂದು ತಿದ್ದಿದ್ದರಿಂದ ಕೆಲಸ ಸುಸೂತ್ರವಾಯಿತು. ಅನಂತರ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇರುವ ಪಾಸ್‌ವರ್ಡ್ ಬೇಕೆಂದು ಆ್ಯಪ್ ಹಟ ಹಿಡಿಯಿತು. ಸಿಬ್ಬಂದಿಯೇ ಒಂದನ್ನು ಹೊಸೆದು, ಹಿರಿಯರು ಮರೆತಾರೆಂಬ ಕಾಳಜಿಯಿಂದ ಪಾಸ್‌ಬುಕ್ಕಿನ ಹಿಂಬದಿಯಲ್ಲಿ ದುಂಡಗೆ ಬರೆದುಕೊಟ್ಟರು. (ಅವರ ಅಕ್ಷರ ನಿಜಕ್ಕೂ ಚೆನ್ನಾಗಿತ್ತು, ನನಗೆ ಮೂರನೆಯ ಕುರ್ಚಿಯಿಂದಲೇ ಓದಲು ಬಂತು.)

ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ತಪ್ಪು ಬ್ಯಾಂಕಿನದೂ ಅಲ್ಲದ, ಗ್ರಾಹಕನದೂ ಅಲ್ಲದ ಆನ್‌ಲೈನ್ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ನಯಾಪೈಸೆಯ ಹೊಣೆಯೂ ಇಲ್ಲವೆಂದೂ, ಹೊಣೆ ಯಾರದೆಂದು ಸಾಬೀತುಪಡಿಸುವ ಭಾರ ಬ್ಯಾಂಕಿನದೇ ಎಂದೂ ಅದು ಹೇಳಿತು. ಆದರೆ ಗುಟ್ಟಿನ ಸಂಖ್ಯೆಯನ್ನು ಗ್ರಾಹಕನೇ ಹೊರಗೆ ಬಿಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ಪೂರಾ ಅವನದು. ನಾಳೆ ಆ ಹಿರಿಯರ ಖಾತೆ ಬರಿದಾಗಿ, ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಶಾಖೆಗೆ ಓಡಿಬಂದರೆ, ಅದೇ ಭಿತ್ತಿಪತ್ರದ ಕೆಳಗೆ ಕೂರಿಸಿ, ‘ಒಟಿಪಿ ಯಾರಿಗಾದರೂ ಹೇಳಿದ್ದಿರಾ?’ ಎಂದು ಕೇಳುತ್ತಾರೆ. ‘ನಿಮಗೇ ಹೇಳಿದ್ದೆನಲ್ಲ’ ಎಂದು ಬರೆಯಲು ಅರ್ಜಿಯಲ್ಲಿ ಜಾಗವಿರುವುದಿಲ್ಲ.

ಖಾಸಗಿತನದ ಮಾತೂ ಹೀಗೆಯೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ, ಅದು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು. ನಾವು ಮಾತ್ರ ಕೆವೈಸಿ ಎಂದಾಗಲೆಲ್ಲ ಆ ಹಕ್ಕಿನ ಎರಡೆರಡು ಜೆರಾಕ್ಸ್ ಪ್ರತಿಗಳಿಗೆ ಸಹಿ ಹಾಕಿ ಕೊಟ್ಟು ಬರುತ್ತೇವೆ. ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ ಎಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಎಚ್ಚರಿಸಿತ್ತು. ಜನ ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡಾರೆಂಬ ಕಾರಣಕ್ಕೆ ಎರಡೇ ದಿನಗಳಲ್ಲಿ ಆ ಎಚ್ಚರಿಕೆಯನ್ನು ಹಿಂತೆಗೆದುಕೊಳ್ಳಲಾಯಿತು. ಮಂಡಕ್ಕಿ ಗರಿಗರಿಯಾಗಿರುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ.

ಮಂಡಕ್ಕಿ ಎಂದಾಗ ನೆನಪಾಯಿತು. ಆ ಸಂಜೆ ಗಾಡಿಯಲ್ಲಿ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ, ಕಾಗದದೊಳಗಿಂದ ಅಪರಿಚಿತರೊಬ್ಬರು ನನ್ನನ್ನೇ ದಿಟ್ಟಿಸುತ್ತಿದ್ದರು. ಅವರ ವಿಳಾಸ, ಜನ್ಮದಿನಾಂಕ, ಖಾತೆ ಸಂಖ್ಯೆ, ಕೆಳಗೆ ಸಹಿ, ಸಹಿಯ ಪಕ್ಕದಲ್ಲಿ ‘ಮೂಲ ಪ್ರತಿಯೊಂದಿಗೆ ಪರಿಶೀಲಿಸಲಾಗಿದೆ’ ಎಂಬ ನೀಲಿ ಮೊಹರು. ಆಧಾರ್ ಸಂಖ್ಯೆಯ ಮೊದಲ ಎಂಟು ಅಂಕಿಗಳ ಮೇಲೆ ಮಿರ್ಚಿಯ ಹಿಟ್ಟು ಮೆತ್ತಿಕೊಂಡಿತ್ತು. ಕೊನೆಯ ನಾಲ್ಕು ಮಾತ್ರ ಕಾಣುತ್ತಿದ್ದವು.