ಸಿಗ್ನಲ್ ಹೋದರೆ ಗಾಡಿ ನಿಲ್ಲುತ್ತಾ?

ಇವತ್ತು ಒಂದು ಪ್ರದರ್ಶನದಲ್ಲಿ ಆಫ್‌ರೋಡ್ ಬಗ್ಗಿ, ಅಂದರೆ ಕಚ್ಚಾ ದಾರಿಯಲ್ಲಿ ಓಡುವ ಸಣ್ಣ ಗಾಡಿಯೊಂದನ್ನು ಡ್ರೈವರ್ ಇಲ್ಲದೆ, ರಿಮೋಟಿನಲ್ಲೇ ಓಡಿಸಿ ತೋರಿಸಿದರು. ಕಾಲೇಜು ಹುಡುಗರು ಮಾಡಿದ್ದು, ಕೆಲಸ ಅಚ್ಚುಕಟ್ಟಾಗಿತ್ತು. ಸ್ಟೇರಿಂಗಿಗೆ ಮೋಟಾರು, ಆಕ್ಸಿಲರೇಟರ್ ಕೇಬಲ್ ಎಳೆಯೋಕೆ ಸರ್ವೋ ಅನ್ನೋ ಪುಟ್ಟ ಮೋಟಾರು, ಬ್ರೇಕ್ ಪೆಡಲ್ ಒತ್ತೋಕೆ ರಾಡನ್ನು ಹಿಂದೆ ಮುಂದೆ ತಳ್ಳುವ ಲೀನಿಯರ್ ಆಕ್ಚುಯೇಟರ್, ಮುಂದೆ ಕ್ಯಾಮೆರಾ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ಮನಸಾರೆ ತಟ್ಟಿದೆ. ಆಮೇಲೆ ಕೇಳಿದೆ: "ಗಾಡಿ ಓಡ್ತಿರುವಾಗಲೇ ರಿಮೋಟ್ ಆಫ್ ಮಾಡಪ್ಪ, ಏನಾಗುತ್ತೆ ನೋಡೋಣ."

ಹುಡುಗ ಪಕ್ಕದವನ ಮುಖ ನೋಡಿದ. "ರೇಂಜ್ ಚೆನ್ನಾಗಿದೆ ಸರ್, ಕಟ್ ಆಗಲ್ಲ."

ತಪ್ಪು ಅವನದಲ್ಲ. ಬಹುಮಾನ ಕೊಡಲು ಬಂದಿದ್ದ ದೊಡ್ಡವರಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳಬೇಕಿತ್ತು. ಅವರು ಕೇಳಿದ್ದು "ಇದರ ಮೇಲೆ ಗನ್ ಕೂರಿಸಬಹುದಾ?" ಅಂತ. ನನಗೆ ಸಿಟ್ಟು ಬಂದಿದ್ದು ಅಲ್ಲಿ.

ನಿಮಗೆ ಗೊತ್ತಲ್ಲ, ನಾನು ಬ್ರೇಕಿನ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಗಾಡಿಯ ಅಡಿಗೆ ತೂರಿ ನೋಡಿದೆ. ಆಕ್ಚುಯೇಟರಿಗೆ ಕರೆಂಟ್ ಕೊಟ್ಟರೆ ರಾಡ್ ಮುಂದೆ ಬಂದು ಪೆಡಲ್ ಒತ್ತುತ್ತೆ. ಕರೆಂಟ್ ಹೋದರೆ ರಾಡ್ ಇದ್ದಲ್ಲೇ ಇರುತ್ತೆ. ಅಂದರೆ ಇಳಿಜಾರಿನಲ್ಲಿ ಬ್ಯಾಟರಿಯ ಒಂದು ವೈರು ಕಿತ್ತರೂ ಬ್ರೇಕೇ ಇಲ್ಲ. ಏರ್ ಬ್ರೇಕಿನ ಲಾರಿ ಓಡಿಸಿದ ಯಾರನ್ನಾದರೂ ಕೇಳಿ: ಗಾಳಿ ಇಳಿದರೆ ಹಿಂದಿನ ಚೇಂಬರಿನ ಸ್ಪ್ರಿಂಗ್ ತಾನಾಗಿ ಬ್ರೇಕ್ ಹಿಡಿಯುತ್ತೆ, ಗಾಳಿ ಬೇಕಿರೋದು ಅದನ್ನು ಬಿಡಿಸೋಕೆ. ಆಳಿಲ್ಲದ ಗಾಡಿಗೂ ಅಂಥದ್ದೇ ಬೇಕು. ಕರೆಂಟ್ ಇರುವಾಗ ಬಿಡುವ, ಹೋದಾಗ ಹಿಡಿಯುವ ಬ್ರೇಕು.

2004ರಲ್ಲಿ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ ಚಾಲಕರಹಿತ ಗಾಡಿಗಳ ಸ್ಪರ್ಧೆ ಇಟ್ಟಾಗ, ದೂರದಿಂದಲೇ ನಿಲ್ಲಿಸುವ ಇ-ಸ್ಟಾಪ್ ರೇಡಿಯೊ ಕಡ್ಡಾಯ ಮಾಡಿತ್ತು. ಎಲ್ಲರಿಗಿಂತ ಮುಂದೆ ಹೋದ ಸ್ಯಾಂಡ್‌ಸ್ಟಾರ್ಮ್ ಅನ್ನೋ ಹಮ್ವಿ (ಅಮೆರಿಕದ ಮಿಲಿಟರಿ ಜೀಪು) ಕೂಡ ಸುಮಾರು 12 ಕಿ.ಮೀ. ದಾಟುವಷ್ಟರಲ್ಲಿ ತಿರುವಿನ ಅಂಚಿನಲ್ಲಿ ಸಿಕ್ಕಿಕೊಂಡು, ಚಕ್ರ ಸುಮ್ಮನೆ ತಿರುಗಿ ಟೈರಿನಿಂದ ಹೊಗೆ ಬಂತು. ಅಂಥ ಹೊತ್ತಿನಲ್ಲಿ ನಿಲ್ಲಿಸುವವರು ಯಾರು ಅಂತ ಮೊದಲೇ ಯೋಚಿಸಿದ್ದರು. ರಿಮೋಟಿನ ಗಾಡಿಗೆ ಇನ್ನೊಂದು ತಾಪತ್ರಯ, ಕ್ಯಾಮೆರಾದ ಚಿತ್ರ ತಡವಾಗಿ ಬರೋದು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡ್ ತಡವಾದರೂ, ನೀವು ಹಳ್ಳ ನೋಡುವಷ್ಟರಲ್ಲಿ ಗಾಡಿ ಮೂರು ಮೀಟರ್ ಹತ್ತಿರ ಮುಂದೆ ಹೋಗಿರುತ್ತೆ.

"ಉಕ್ರೇನಿನಲ್ಲಿ ಇಂಥ ಗಾಡಿಗಳನ್ನು ಗ್ಯಾರೇಜಲ್ಲೇ ಮಾಡಿ ಯುದ್ಧಕ್ಕೆ ಕಳಿಸ್ತಿದ್ದಾರೆ, ನೀವಿನ್ನೂ ಬ್ರೇಕು ಅಂತ ಕೂತಿದ್ದೀರಿ" ಅಂದ ಜೊತೆಗಿದ್ದ ಗೆಳೆಯ. ಹೌದು, ಕಳಿಸ್ತಿದ್ದಾರೆ. ಹೋಗುವಾಗ ನೀರು, ಮದ್ದುಗುಂಡು, ಬರುವಾಗ ಗಾಯಾಳು. ಆದರೆ ರೇಡಿಯೊ ಜಾಮಿಂಗ್, ಅಂದರೆ ಶತ್ರು ಸಿಗ್ನಲ್ ಕೆಡಿಸುವ ಕಾಟ ಅತಿ ಹೆಚ್ಚು ಇರೋದೂ ಅಲ್ಲೇ. ಅದಕ್ಕೇ ಅವರು ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಕೂರಿಸ್ತಾರೆ, ಒಂದು ಸಂಪರ್ಕ ಹೋದರೆ ಇನ್ನೊಂದು ಇರಲಿ ಅಂತ ಒದ್ದಾಡ್ತಾರೆ. ಗಾಯಾಳು ಮಲಗಿರುವಾಗ ಗಾಡಿ ಬಯಲಲ್ಲಿ ಬ್ರೇಕ್ ಹಾಕಿ ನಿಂತುಬಿಟ್ಟರೂ ಅವನ ಪ್ರಾಣಕ್ಕೆ ಸಂಚಕಾರ. ಸ್ವಲ್ಪ ಹೊತ್ತು ಸಿಗ್ನಲ್ಲಿಗೆ ಕಾದು, ಸಿಗದಿದ್ದರೆ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಈ ಬುದ್ಧಿಯನ್ನು ಹೊರಡುವ ಮೊದಲೇ ಗಾಡಿಗೆ ತುಂಬಿರಬೇಕು. ಗೆಳೆಯ ಕೊಟ್ಟ ಉದಾಹರಣೆ ನನ್ನ ವಾದಕ್ಕೇ ಸಾಕ್ಷಿ.

ಗನ್ ಅಂದೆನಲ್ಲ, ಈ ವಿದ್ಯೆಯ ಮೇಲೆ ನನಗೆ ಪ್ರೀತಿ ಹುಟ್ಟಿಸಿದ್ದು ಯಾವ ಗನ್ನೂ ಅಲ್ಲ. ಜಪಾನಿನ ಉನ್‌ಝೆನ್ ಜ್ವಾಲಾಮುಖಿ 1991ರ ಜೂನ್ 3ರಂದು 43 ಜನರನ್ನು ಬಲಿ ತೆಗೆದುಕೊಂಡಿತು. ಆ ಅಪಾಯದ ಜಾಗದಲ್ಲಿ ಮುಂದೆ ಬುಲ್ಡೋಜರ್, ಡಂಪರುಗಳನ್ನು ದೂರದಿಂದಲೇ ನಡೆಸಿ ಮಣ್ಣು ತೆಗೆದರು, ಕೆಲಸಗಾರರು ಕಂಟ್ರೋಲ್ ರೂಮಿನಲ್ಲಿ ಕ್ಷೇಮವಾಗಿದ್ದರು. ಚೆನ್ನೈ ಹತ್ತಿರದ ಆವಡಿಯಲ್ಲಿರುವ ನಮ್ಮ ಡಿಆರ್‌ಡಿಒ ಪ್ರಯೋಗಾಲಯ 2017ರಲ್ಲಿ ತೋರಿಸಿದ ಮುಂತ್ರ ಕೂಡ ಇಂಥದ್ದೇ ಆಳಿಲ್ಲದ ಗಾಡಿ, ಸೈನಿಕರನ್ನು ಒಯ್ಯುವ ಬಿಎಂಪಿ-2 ಕವಚದ ಗಾಡಿಯ ಮೇಲೆ ಕಟ್ಟಿದ್ದು. ಅದರ ಮಾದರಿಗಳಲ್ಲಿ ಒಂದು ನೆಲಬಾಂಬ್ ಹುಡುಕೋಕೆ, ಇನ್ನೊಂದು ವಿಕಿರಣ ಇರುವ ಕಡೆ ಹೋಗೋಕೆ. ಮನುಷ್ಯ ಹೋಗಬಾರದ ಕಡೆ ಗಾಡಿ ಹೋಗಲಿ. ಹಾಗೆ ಹೋದ ಗಾಡಿ ಇನ್ನೊಬ್ಬ ಮನುಷ್ಯನ ಮೇಲೆ ಹತ್ತಬಾರದು, ಅಷ್ಟೇ ನನ್ನ ಹಟ.

ಇಂಥ ಪ್ರಾಜೆಕ್ಟ್ ಮಾಡ್ತಿರೋ ಹುಡುಗ ಹುಡುಗಿಯರು ಮೆಸೇಜ್ ಮಾಡಿ. ಗಾಡಿ ತಂದರೆ ಸ್ಪ್ರಿಂಗ್ ಬ್ರೇಕ್ ಕೂರಿಸೋದು ಹೇಗೆ ಅಂತ ಜೊತೆಗೆ ಕೂತು ತೋರಿಸ್ತೀನಿ, ದುಡ್ಡು ಬೇಡ. ಆದರೆ ಮೊದಲ ಪರೀಕ್ಷೆ ಇಳಿಜಾರಿನಲ್ಲಿ, ರಿಮೋಟ್ ಆಫ್ ಮಾಡಿ.