ಇಡ್ಲಿ ತಟ್ಟೆಯಲ್ಲಿ ನಟ್ಟು ಬೋಲ್ಟು

ಹಳೆಯ ಪಿಕಪ್ಪನ್ನು ಮನೆಯಲ್ಲೇ ಸರಿಮಾಡಲು ಹೊರಟವರು ಮೊದಲು ಹೋಗುವುದು ಬಣ್ಣದ ಅಂಗಡಿಗೆ. ಗಾಡಿ ಇನ್ನೂ ಕೊಟ್ಟಿಗೆ ಪಕ್ಕ ಗಾಳಿಯಿಲ್ಲದ ಟೈರುಗಳ ಮೇಲೆ ಕುಕ್ಕರಿಸಿದೆ. ತೊಟ್ಟಿಯ ತುಂಬ ಸೌದೆ. ಸೀಟಿನ ಕೆಳಗೆ ಕೋಳಿ ಕಾವಿಗೆ ಕೂತಿದೆ. ಒಡೆಯರು ಮಾತ್ರ ಕಡುಹಸಿರೋ ಗಿಳಿಹಸಿರೋ ಎಂದು ಅಂಗಡಿಯಲ್ಲಿ ತಲೆ ಕೆಡಿಸಿಕೊಂಡು ನಿಂತಿರುತ್ತಾರೆ. ಸರಿಯಾದ ಕ್ರಮ ಇದರ ತದ್ವಿರುದ್ಧ: ಗಾಡಿ ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು, ಆಮೇಲೆ ಲೈಟು ಉರಿಯಬೇಕು, ಚೆಂದ ಕಾಣುವುದು ಕಟ್ಟಕಡೆಗೆ. ಬ್ರೇಕು, ಡೀಸೆಲ್ಲು, ಕರೆಂಟು, ತಗಡು, ಬಣ್ಣ. ಈ ಸಾಲು ತಪ್ಪಿಸಿದವರ ಹೊಸ ಬಣ್ಣದ ಮೇಲೆ ಬ್ರೇಕ್ ಆಯಿಲ್ ಚೆಲ್ಲುವುದು ಖಂಡಿತ. ಅದು ಬಿದ್ದಲ್ಲಿ ಬಣ್ಣ ಸುಕ್ಕುಗಟ್ಟಿ ಎದ್ದು ಬರುತ್ತದೆ. ಕೂಡಲೇ ಕೊಡದಲ್ಲಿ ನೀರು ಸುರಿದರೆ ಬಣ್ಣ ಉಳಿದೀತು. ಒರೆಸಲು ಒಳ್ಳೆಯ ಬಟ್ಟೆ ಹುಡುಕುತ್ತ ಒಳಗೆ ಹೋದರೆ ಉಳಿಯುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಮಲೆನಾಡಿನ ಅಡಿಕೆ, ಕಾಫಿ ತೋಟಗಳಲ್ಲಿ ಈಗಲೂ ಅಲ್ಲಲ್ಲಿ ಉಸಿರಾಡುತ್ತಿರುವ ಪೆಜೋ ಎಂಜಿನ್ನಿನ ಮಹೀಂದ್ರದ ಬಗ್ಗೆ. ಅದರ ವಂಶಾವಳಿ ತಿಳಿಯದೆ ಸ್ಪ್ಯಾನರ್ ಮುಟ್ಟಬಾರದು. ಮೈಕಟ್ಟು ಅಮೆರಿಕದ ವಿಲ್ಲಿಸ್ ಜೀಪಿನದು. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ಇಲ್ಲಿ ಜೋಡಿಸತೊಡಗಿದ್ದು. ಎಂಜಿನ್ನು 1980ರ ದಶಕದಲ್ಲಿ ಬಂದ ಫ್ರಾನ್ಸಿನ ಪೆಜೋ ಡೀಸೆಲ್, ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, ಒಂದೊಂದರ ಬೋರು (ಒಳವ್ಯಾಸ) 90 ಎಂಎಂ, ಸ್ಟ್ರೋಕು (ಪಿಸ್ಟನ್ನಿನ ಓಟ) 83, ಒಟ್ಟು 2112 ಸಿಸಿ. ಹೀಗಾಗಿ ಇದು ಎರಡೂ ಕಡೆಯವರ ಸಂಪ್ರದಾಯ ನಡೆಯಲೇಬೇಕಾದ ಮದುವೆ ಮನೆ: ಚಾಸಿ, ಹೌಸಿಂಗು (ಚಕ್ರಗಳ ಅಚ್ಚಿನ ಕಬ್ಬಿಣದ ಕವಚ), ಚಕ್ರಗಳದ್ದು ಇಂಚು, ಎಂಜಿನ್ನಿನದು ಮಿಲಿಮೀಟರು.

ಪೆಟ್ಟಿಗೆಯಲ್ಲಿ ಮಿಲಿಮೀಟರ್ ಸೆಟ್ಟು ಮಾತ್ರ ಇದ್ದರೆ ಆಗುವುದಿಷ್ಟು. ಬೋಲ್ಟಿನ ತಲೆಯ ಅಗಲ ಅರ್ಧ ಇಂಚಾದರೆ ಅದು 12.7 ಎಂಎಂ. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಸಡಿಲ ಬೋಲ್ಟು ಬಿಚ್ಚಿಕೊಳ್ಳುತ್ತದೆ, ತುಕ್ಕು ಹಿಡಿದದ್ದು ಮೂಲೆ ಸವೆದು ಗುಂಡಗಾಗುತ್ತದೆ. 9/16 ಇಂಚೆಂದರೆ ಸುಮಾರು 14.3, 14 ಒಳಗೆ ಹೋಗುವುದಿಲ್ಲ, 15 ಸುತ್ತಲೂ ತಿರುಗುತ್ತದೆ. 11/16ರ ಕಥೆಯೂ ಅದೇ. ಮುಕ್ಕಾಲು ಇಂಚು ಮಾತ್ರ 19.05, 19ರ ಸ್ಪ್ಯಾನರ್ ಸಲೀಸಾಗಿ ಕೂರುತ್ತದೆ. ಇನ್ನೂ ಅಪಾಯದ ಜಾಗ ಮರೆ, ಅಂದರೆ ಬೋಲ್ಟಿನ ಮೈಮೇಲಿನ ತಿರುಪಿನ ಗೆರೆ: 5/16 ಇಂಚಿನ ಬೋಲ್ಟೂ 8 ಎಂಎಂ ಬೋಲ್ಟೂ ಕಣ್ಣಿಗೆ ಒಂದೇ. ಒಂದರ ನಟ್ಟು ಇನ್ನೊಂದಕ್ಕೆ ಒಂದೆರಡು ಸುತ್ತು ನಗುನಗುತ್ತ ಹೋಗಿ ಅಲ್ಲಿಗೇ ಕಚ್ಚಿಕೊಳ್ಳುತ್ತದೆ. ಬೆರಳಲ್ಲಿ ಕೊನೆತನಕ ತಿರುಗದ ನಟ್ಟಿಗೆ ಸ್ಪ್ಯಾನರ್ ಹಾಕಬೇಡಿ, ಅಷ್ಟೇ.

ಬಿಚ್ಚಿದ ನಟ್ಟು ಬೋಲ್ಟು ಇಡಲು ಇಡ್ಲಿ ತಟ್ಟೆಗಿಂತ ಒಳ್ಳೆಯ ಸಾಧನ ಯಾವ ಟೂಲ್ ಅಂಗಡಿಯಲ್ಲೂ ಇಲ್ಲ. ಒಂದೊಂದು ಕುಳಿಗೆ ಒಂದೊಂದು ಭಾಗದ ಸಾಮಾನು, ಒಂದು ತಟ್ಟೆಗೆ ಒಂದು ಚಕ್ರ. ತಳದಲ್ಲಿ ತೂತಿರುವ ತಟ್ಟೆಯಾದರೆ ಡೀಸೆಲ್ಲಿನಲ್ಲಿ ತೊಳೆದದ್ದು ತಾನೇ ಬಸಿಯುತ್ತದೆ. ಆದರೆ ಆ ತಟ್ಟೆ ಅಡುಗೆಮನೆಗೆ ಹಿಂತಿರುಗುವುದಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿ, ಹೊಸದನ್ನು ತಂದುಕೊಟ್ಟು ಹಳೆಯದನ್ನು ಒಯ್ಯುವುದು ಕ್ಷೇಮ.

ಗಾಡಿ ಎತ್ತುವಾಗ ಜಂಬಿಟ್ಟಿಗೆ ಕಲ್ಲಿನ ಮೇಲೆ ನಿಲ್ಲಿಸಬೇಡಿ. ಗೋಡೆಯಲ್ಲಿ ಅದು ನೂರು ವರ್ಷ ಬಾಳಬಹುದು. ಹೌಸಿಂಗಿನ ಭಾರ ಒಂದೇ ಬಿಂದುವಿನಲ್ಲಿ ಬಿದ್ದರೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಹಾಲೋ ಬ್ಲಾಕೂ ಬೇಡ. ಜಾಕು ಎತ್ತುವುದಕ್ಕೆ, ಸ್ಟ್ಯಾಂಡು ನಿಲ್ಲಿಸುವುದಕ್ಕೆ. ಬರೀ ಜಾಕಿನ ಮೇಲಿರುವ ಗಾಡಿಯ ಅಡಿಗೆ ತೂರುವವರ ಬಗ್ಗೆ ತಮಾಷೆ ಮಾಡಲು ಮನಸ್ಸಾಗುವುದಿಲ್ಲ.

ಚಕ್ರ ಬಿಚ್ಚುವಲ್ಲಿ ಮೊದಲ ನಾಟಕ. ವಿಲ್ಲಿಸ್ ವಂಶದ ಹಳೆಯ ಗಾಡಿಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳಿಗೆ ಎಡಮರೆ. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಇದು ಗೊತ್ತಿಲ್ಲದವರು ಬಲಬದಿಯ ಚಕ್ರವನ್ನು ಸುಲಭವಾಗಿ ಬಿಚ್ಚಿದ ಹುಮ್ಮಸ್ಸಿನಲ್ಲಿ ಎಡಕ್ಕೆ ಬರುತ್ತಾರೆ. ತಿರುಗುವುದಿಲ್ಲ. ಪೈಪು ಸಿಕ್ಕಿಸುತ್ತಾರೆ. ಪೈಪಿನ ಮೇಲೆ ನಿಲ್ಲುತ್ತಾರೆ. ಪಕ್ಕದ ಮನೆಯ ದಢೂತಿ ಆಳನ್ನು ಕರೆಸಿ ಅವರನ್ನೂ ನಿಲ್ಲಿಸುತ್ತಾರೆ. ಇಷ್ಟೂ ಹೊತ್ತು ನಟ್ಟು ಬಿಗಿಯಾಗುತ್ತಲೇ ಇರುತ್ತದೆ, ಕೊನೆಗೆ ನಟ್ಟು ಕೂರುವ ಕಡ್ಡಿ, ಅಂದರೆ ಸ್ಟಡ್ಡು, ಕಟ್. ಸ್ಟಡ್ಡಿನ ತುದಿಯನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿ ಮರೆ ಯಾವ ಕಡೆಗೆ ಏರುತ್ತದೆ ಎಂದು ಮೊದಲು ನೋಡಿ. ಎಷ್ಟೋ ಕಡೆ ಹಿಂದಿನ ಒಡೆಯರು ಸ್ಟಡ್ಡು ಬದಲಿಸಿ ಒಂದೇ ಚಕ್ರದಲ್ಲಿ ಎರಡೂ ಜಾತಿ ಕೂರಿಸಿರುತ್ತಾರೆ, ಆದ್ದರಿಂದ ಪ್ರತಿಯೊಂದನ್ನೂ ನೋಡಿ.

ಡ್ರಮ್ಮು ತೆಗೆದರೆ ಒಳಗೆ ವೀಲ್ ಸಿಲಿಂಡರ್, ಬ್ರೇಕ್ ಆಯಿಲಿನ ಒತ್ತಡದಿಂದ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ಭಾಗ. ಅದರ ಒಳಮೈಯಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಬದಲಿಸುವುದೇ ದಾರಿ. ಗುಳಿಯಿಲ್ಲದೆ ಬರೀ ಕಲೆಯಿದ್ದರೆ 400 ನಂಬರಿನ ವಾಟರ್ ಪೇಪರಿನಲ್ಲಿ ಸುತ್ತ ಉಜ್ಜಿ, ಬ್ರೇಕ್ ಆಯಿಲಿನಲ್ಲೇ ತೊಳೆದು, ಹೊಸ ರಬ್ಬರ್ ಕಿಟ್ ಹಾಕಿ. ಡೀಸೆಲ್ಲು, ಪೆಟ್ರೋಲು, ಗ್ರೀಸು ಈ ರಬ್ಬರಿಗೆ ತಾಗಬಾರದು. ತಾಗಿದರೆ ಉಬ್ಬಿ ಪಿಸ್ಟನ್ನು ಸಿಕ್ಕಿಕೊಂಡು, ಒತ್ತಿದ ಬ್ರೇಕು ಬಿಡುವುದೇ ಇಲ್ಲ. ಹಾಕಬೇಕಾದ್ದು ಡಾಟ್ 3 ದರ್ಜೆಯ ಬ್ರೇಕ್ ಆಯಿಲ್. ಹೊಸದು ಕುದಿಯುವುದು 205 ಡಿಗ್ರಿಯಲ್ಲಿ. ಗಾಳಿಯ ತೇವ ಹೀರಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಡ್ರಮ್ಮು ಕಾದು ಆಯಿಲ್ ಆವಿಯಾದರೆ ಪೆಡಲ್ಲು ನೆಲಕ್ಕೆ ಹೋಗಿ ಕೂರುತ್ತದೆ. ಹೋದ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯ ಉಳಿಕೆಯನ್ನು ಹಾಳಾಗುತ್ತದಲ್ಲ ಎಂದು ಸುರಿಯಬೇಡಿ; ಅದು ಹಾಳಾಗಿ ಆಗಿದೆ.

ಇನ್ನು ಏರ್ ತೆಗೆಯುವುದು, ಅಂದರೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ಹೊರಹಾಕುವುದು. ವೀಲ್ ಸಿಲಿಂಡರಿನಲ್ಲಿ ಗಾಳಿ ಬಿಡಲೆಂದಿರುವ ತಿರುಪಿಗೆ, ಅಂದರೆ ಬ್ಲೀಡರ್ ಮೊಲೆಗೆ, ಪಾರದರ್ಶಕ ನಳಿಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಹಾಕಿದ ಹಾರ್ಲಿಕ್ಸ್ ಬಾಟಲಿಯಲ್ಲಿ ಮುಳುಗಿಸಬೇಕು. ಪೆಡಲ್ಲು ಒತ್ತುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಒಬ್ಬರು ಮೇಲೆ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಬ್ಲೀಡರ್ ಸಡಿಲಿಸಿ ಬಿಗಿಮಾಡಬೇಕು, ಬಿಗಿಯಾದ ಮೇಲಷ್ಟೇ ಪೆಡಲ್ ಬಿಡಬೇಕು. ಕೆಳಗಿನವರು ‘ಬಿಡಬೇಡ’ ಎಂದು ಕೂಗಿದರೆ ಮೇಲಿನವರಿಗೆ ಕೇಳುವುದು ಮೊದಲಿನ ಎರಡಕ್ಷರ ಮಾತ್ರ. ಅವರು ಬಿಡುತ್ತಾರೆ. ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಆಮೇಲೆ ನಡೆಯುವ ಸಂಭಾಷಣೆಯಲ್ಲಿ ಬ್ರೇಕಿನ ವಿಚಾರ ಕಡಿಮೆ, ಹಿಂದಿನ ವರ್ಷದ ಇತರ ವಿಚಾರಗಳು ಹೆಚ್ಚು. ಆದ್ದರಿಂದ ಅಂಕಿಯಲ್ಲಿ ಮಾತಾಡಿ: ‘ಒಂದು’ ಎಂದರೆ ಒತ್ತು, ‘ಎರಡು’ ಎಂದರೆ ಬಿಡು, ಬೇರೇನೂ ಕೂಗುವಂತಿಲ್ಲ. ಮಾಸ್ಟರ್ ಸಿಲಿಂಡರಿನ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳುವ ಕೆಲಸವೂ ಮೇಲಿನವರದ್ದೇ. ಖಾಲಿಯಾದರೆ ಹಿಂದಿನ ಎಡಚಕ್ರದಿಂದ ಮತ್ತೆ ಶುರು.

ಡೀಸೆಲ್ ಭಾಗಕ್ಕೆ ಬಂದರೆ ಗೇಟಿನಾಚೆಯಿಂದಲೇ ರೋಗ ಹೇಳುವವರು ಸೇರುತ್ತಾರೆ. ಎಲ್ಲರದ್ದೂ ಒಂದೇ ತೀರ್ಪು: ‘ಪಂಪು ಹೋಗಿದೆ.’ ಪಂಪೆಂದರೆ ಎಂಜಿನ್ನಿಗೆ ಡೀಸೆಲ್ಲನ್ನು ಒತ್ತಡದಲ್ಲಿ ತಳ್ಳುವ ಭಾಗ. ಅದು ಯಾವ ಕಂಪನಿಯದ್ದೇ ಇರಲಿ, ಊರವರ ಬಾಯಲ್ಲಿ ಅದು ಮೈಕೋ ಪಂಪು. ಬೆಂಗಳೂರಿನ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಸುದ್ದಿ ಮಲೆನಾಡಿನ ಗ್ಯಾರೇಜುಗಳಿಗೆ ಇನ್ನೂ ತಲುಪಿಲ್ಲ. ಪಂಪಿಗೆ ಕೈ ಹಾಕುವ ಮುನ್ನ ಟ್ಯಾಂಕಿನ ತಳದ ಪ್ಲಗ್ಗು ಬಿಚ್ಚಿ ನೋಡಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಮೊದಲು ನೀರು, ಆಮೇಲೆ ಕಪ್ಪು ಲೋಳೆ, ಕೊನೆಗೆ ಡೀಸೆಲ್ ಬರುತ್ತದೆ. ಟ್ಯಾಂಕ್ ಇಳಿಸಿ, ಒಂದೆರಡು ಲೀಟರ್ ಡೀಸೆಲ್ಲಿನ ಜೊತೆ ಹಿಡಿ ಸಣ್ಣ ಜಲ್ಲಿ ಹಾಕಿ ಕುಲುಕಿ, ಬಸಿದು ಜಲ್ಲಿಯನ್ನು ಎಣಿಸಿಯೇ ಹೊರತೆಗೆಯಿರಿ. ತೂತಿದ್ದರೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ: ಖಾಲಿ ಟ್ಯಾಂಕಿನೊಳಗಿನ ಆವಿ ಸಿಡಿಯುತ್ತದೆ.

ಎಂಜಿನ್ ಸ್ಟಾರ್ಟಾಗಿ, ದಿಬ್ಬ ಏರುವಾಗ ಗುರ್ರೆಂದು ಸತ್ತುಹೋದರೆ ಹತ್ತರಲ್ಲಿ ಒಂಬತ್ತು ಸಲ ಪಂಪು ನಿರಪರಾಧಿ, ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ಲನ್ನು ಎಳೆಯಬೇಕು, ಆದ್ದರಿಂದ ಆ ಕಡೆ ಹೋಸು ಬಿರುಕು ಬಿಟ್ಟಿದ್ದರೆ ಹನಿ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ನೆಲ ಒಣಗಿದೆ ಎಂದು ಲೀಕಿಲ್ಲ ಎನ್ನುವಂತಿಲ್ಲ. ನಡುವೆ ಒಂದು ಗೇಣು ಪಾರದರ್ಶಕ ನಳಿಕೆ ಜೋಡಿಸಿ ಗುಳ್ಳೆ ನೋಡಿದರೆ ಸತ್ಯ ತಿಳಿಯುತ್ತದೆ. ಆಮೇಲೆ ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ. ಕೊನೆಗೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನೋಜಲಿನ ಪೈಪುಗಳ ನಟ್ಟು ಅರ್ಧ ಸುತ್ತು ಬಿಟ್ಟು ಸೆಲ್ಫ್ ಹೊಡೆದರೆ ಉಳಿದ ಗಾಳಿ ಉಗುಳುತ್ತದೆ. ಆಗ ಬೆರಳು ಅಡ್ಡ ಇಡಬೇಡಿ; ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಳೆಯ ತಾಮ್ರದ ವಾಷರುಗಳು ಗಟ್ಟಿಯಾಗಿ ಸರಿಯಾಗಿ ಕೂರದಿದ್ದರೆ ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗಿ ಹೊಸದರಂತೆ ಕೂರುತ್ತವೆ. ಒಲೆಯ ಮೇಲೆ ಹಾಲಿಟ್ಟಿರುವ ಹೊತ್ತು ಆರಿಸಿಕೊಳ್ಳಬೇಡಿ.

ಈ ಪೆಜೋಗೆ ಹೀಟರ್ ಪ್ಲಗ್ಗು, ಅಂದರೆ ತಣ್ಣಗಿನ ಎಂಜಿನ್ನನ್ನು ಸ್ಟಾರ್ಟಿಗೆ ಮೊದಲು ಒಳಗಿನಿಂದ ಕಾಯಿಸುವ ಪ್ಲಗ್ಗು, ಬೇಕೇ ಬೇಕು. ಚಳಿಗಾಲದ ಬೆಳಿಗ್ಗೆ ಬಿಳಿ ಹೊಗೆ ಬಿಟ್ಟು, ಮೂರು ಕಾಲಿನಲ್ಲಿ ಕುಂಟಿ, ಐದು ನಿಮಿಷದ ಮೇಲೆ ಸರಿಯಾದರೆ ಒಂದು ಪ್ಲಗ್ಗು ಸತ್ತಿದೆ ಎಂದರ್ಥ. ವಯರು ಬಿಚ್ಚಿ ಮೀಟರ್ ಇಟ್ಟು ನೋಡಿ: ಜೀವವಿರುವ ಪ್ಲಗ್ಗಿನ ರೆಸಿಸ್ಟೆನ್ಸ್ ಒಂದು ಓಮಿನ ಆಸುಪಾಸು, ಸತ್ತದ್ದು ಏನೂ ತೋರಿಸದು.

ಕರೆಂಟಿನ ಕಥೆ ಚಿಕ್ಕದು: ಇಲಿ ಮತ್ತು ಅರ್ತ್ (ಕರೆಂಟು ಗಾಡಿಯ ಮೈಯ ಮೂಲಕ ಬ್ಯಾಟರಿಗೆ ಮರಳುವ ದಾರಿ). ಇಲಿ ತಿಂದದ್ದು ಕಣ್ಣಿಗೆ ಕಾಣುತ್ತದೆ. ಅರ್ತ್ ಕೆಟ್ಟದ್ದು ಕಾಣುವುದಿಲ್ಲ; ಹಾರನ್ ಒತ್ತಿದರೆ ಹೆಡ್‌ಲೈಟು ಮಂಕಾಗುತ್ತದೆ, ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಜೊತೆಗೆ ಕಣ್ಣು ಹೊಡೆಯುತ್ತದೆ. ಬ್ಯಾಟರಿಯ ಮೈನಸ್ಸಿಗೂ ಎಂಜಿನ್ ಬ್ಲಾಕಿಗೂ ಮೀಟರ್ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಪಟ್ಟಿ ಬಿಚ್ಚಿ, ಲೋಹ ಹೊಳೆಯುವ ಹಾಗೆ ಕೆರೆದು ಬಿಗಿಯಿರಿ. ಬಣ್ಣ ಹೊಡೆಸಿದ ಮಾರನೆಯ ದಿನ ಒಂದು ಬಲ್ಬೂ ಉರಿಯದಿದ್ದಾಗ ಬ್ಯಾಟರಿ ಅಂಗಡಿಗೆ ಓಡುವವರು ಬಹಳ. ಬಣ್ಣ ಕರೆಂಟು ಬಿಡುವುದಿಲ್ಲ, ಅರ್ತಿನ ಜಾಗಕ್ಕೂ ಬಳಿದುಬಿಟ್ಟಿರುತ್ತಾರೆ.

ತಗಡಿಗೆ ಮಳೆಯೊಂದೇ ಶತ್ರುವಲ್ಲ. ತೋಟದ ಗಾಡಿಯ ತೊಟ್ಟಿಯನ್ನು ನಿಜವಾಗಿ ತಿನ್ನುವುದು ಪೊಟ್ಯಾಷ್. ಅದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಉಪ್ಪಿನ ಅಣ್ಣ. ಹರಿದ ಚೀಲದಿಂದ ಮೂಲೆಗೆ ಉದುರಿ, ಮಲೆನಾಡಿನ ತೇವ ಕುಡಿದು, ಗಾಡಿ ನಿಂತಲ್ಲೇ ಊಟ ಮುಂದುವರಿಸುತ್ತದೆ. ಸ್ಕ್ರೂ ಡ್ರೈವರಿನಿಂದ ಚುಚ್ಚುತ್ತ ಹೋಗಿ. ತೂರಿದ ಕಡೆಯೆಲ್ಲ ಕತ್ತರಿಸಿ 18 ಗೇಜಿನ ಹೊಸ ತಗಡು ಹಾಕಬೇಕು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಎರಡೂ ವಯರು ಬಿಚ್ಚಿ. ಉದ್ದಕ್ಕೆ ಒಂದೇ ಸಲ ಎಳೆದರೆ ತಗಡು ಸೊಟ್ಟಗಾಗುತ್ತದೆ, ಆದ್ದರಿಂದ ಇಂಚಿಗೊಂದು ಚುಕ್ಕೆ, ಅದೂ ಆ ತುದಿ ಈ ತುದಿ ಹಾರುತ್ತ. ಟಿಂಕರ್ ಕೆಲಸದವರು ಉತ್ಸಾಹದಲ್ಲಿ ನೀರು ಹೋಗುವ ತೂತುಗಳನ್ನೂ ಮುಚ್ಚಿಬಿಡುತ್ತಾರೆ. ಮುಚ್ಚಿದರೆ ತೊಟ್ಟಿ ಅಕ್ಷರಶಃ ತೊಟ್ಟಿಯಾಗುತ್ತದೆ.

ಪುಟ್ಟಿ ಹಾಕುವಲ್ಲಿ ಕೈ ಬಿಗಿ ಇರಲಿ. 100 ಗ್ರಾಂ ಪುಟ್ಟಿಗೆ ಅದನ್ನು ಗಟ್ಟಿಮಾಡುವ ಕೆಂಪು ಹಾರ್ಡ್‌ನರ್ 2 ಗ್ರಾಂ. ಹೆಚ್ಚಾದರೆ ಆ ಕೆಂಪು ಮೇಲಿನ ಬಣ್ಣಕ್ಕೂ ಹತ್ತುತ್ತದೆ, ಕಡಿಮೆಯಾದರೆ ವಾರವಾದರೂ ಅಂಟು ಹೋಗುವುದಿಲ್ಲ. ಕಲಸಿದ ಮೇಲೆ ಸಿಗುವುದು ನಾಲ್ಕೈದು ನಿಮಿಷ. ಅಷ್ಟರಲ್ಲಿ ಫೋನು ಬಂದರೆ ಎತ್ತಬೇಡಿ. ಮೂರು ಮಿಲಿಮೀಟರಿಗಿಂತ ದಪ್ಪ ಬೇಕೆನಿಸಿದರೆ ಅಲ್ಲಿಗೆ ಬೇಕಾದ್ದು ಸುತ್ತಿಗೆ. ಪುಟ್ಟಿ ನೀರು ಹೀರುವ ಪದಾರ್ಥ, ಪ್ರೈಮರ್ ಇಲ್ಲದೆ ಮಳೆಗೆ ಬಿಟ್ಟರೆ ಒಳಗಿನಿಂದ ಗುಳ್ಳೆ ಏಳುತ್ತದೆ.

ಬಣ್ಣಕ್ಕೆ ಆಷಾಢ ಆಗದು. ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣದ ಥಿನ್ನರ್ ಆರುವಾಗ ಮೈ ತಂಪಾಗಿ ಗಾಳಿಯ ತೇವ ಅದರ ಮೇಲೆ ಕೂತು, ಕಡುಹಸಿರು ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಡಿಸೆಂಬರ್, ಜನವರಿ ಒಳ್ಳೆಯದು ಎನ್ನೋಣವೆಂದರೆ ಅದು ಅಡಿಕೆ ಸುಲಿಯುವ ಕಾಲ, ಅಂಗಳದ ತುಂಬ ಸಿಪ್ಪೆಯ ಧೂಳು. ನೆಲಕ್ಕೆ ನೀರು ಚಿಮುಕಿಸಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರುಮಾಡಿ ಮಧ್ಯಾಹ್ನದೊಳಗೆ ಮುಗಿಸಿ. ಸಂಜೆ ಟ್ಯೂಬ್‌ಲೈಟ್ ಹಾಕಿಕೊಂಡು ಹೊಡೆದರೆ ಊರಿನ ಹುಳುವೆಲ್ಲ ಬಾನೆಟ್ಟಿನ ಮೇಲೆ. ಹಸಿ ಇರುವಾಗ ಹುಳ ಕೀಳಬೇಡಿ. ಪೂರ್ತಿ ಒಣಗಿದ ಮೇಲೆ 1500 ನಂಬರಿನ ಪೇಪರಿನಲ್ಲಿ ನೀರು ಹಾಕಿ ಉಜ್ಜಿ ಪಾಲಿಶ್ ಮಾಡಿದರೆ ಹುಳವೂ ಇಲ್ಲ, ಗುರುತೂ ಇಲ್ಲ. ಪಿಯು (ಪಾಲಿಯುರೆಥೇನ್) ಬಣ್ಣವಾದರೆ ಮೂಗಿಗೆ ಟವೆಲ್ ಸಾಲದು, ರಾಸಾಯನಿಕ ತಡೆಯುವ ಮಾಸ್ಕ್ ಬೇಕು.

ಆರ್‌ಸಿಯಲ್ಲಿ ಇರುವ ಬಣ್ಣವನ್ನೇ ಹೊಡೆಸಿ, ಬದಲಿಸಿದರೆ ಅಲ್ಲೂ ಬದಲಿಸಿಕೊಳ್ಳಬೇಕು. ಚಾಸಿಯ ಮೇಲೆ ಕೊರೆದ ನಂಬರಿನ ಹತ್ತಿರ ಗ್ರೈಂಡರ್ ಒಯ್ಯಬೇಡಿ, ಪುಟ್ಟಿಯನ್ನಂತೂ ಮೆತ್ತಲೇಬೇಡಿ. ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಹೋದಾಗ ಅದರ ಮೇಲೆ ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯುತ್ತಾರೆ. ಅಚ್ಚು ಬಾರದಿದ್ದರೆ ಅಷ್ಟು ಚೆಂದದ ಗಾಡಿ ಯಾರದ್ದೆಂದು ಸಾಬೀತುಮಾಡುವ ಭಾರ ನಿಮ್ಮದೇ. ಬಣ್ಣಕ್ಕೆ ಮೊದಲು ತೆಳುವಾಗಿ ಗ್ರೀಸ್ ಸವರಿ ಟೇಪ್ ಅಂಟಿಸಿದರೆ ಸಾಕು.

ಮೊದಲ ಓಡಾಟ ಸಮತಟ್ಟಿನಲ್ಲಿ, ನಿಧಾನಕ್ಕೆ. ನಾಲ್ಕಾರು ಸಲ ಬ್ರೇಕ್ ಹಿಡಿದು ಇಳಿದು, ಒಂದೊಂದು ಡ್ರಮ್ಮಿನ ಹತ್ತಿರ ಕೈ ಒಯ್ದು ನೋಡಿ. ಒಂದೇ ಒಂದು ಕಾದಿದ್ದರೆ ಅದರ ಶೂ ಬಿಡುತ್ತಿಲ್ಲ. ಐವತ್ತು ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟು ಮತ್ತೆ ಬಿಗಿಮಾಡಿ, ಎಡಬದಿಗೆ ದಿಕ್ಕು ನೆನಪಿರಲಿ. ಇಷ್ಟು ಹೊತ್ತಿಗೆ ಗೇಟಿನಾಚೆ ಪಂಪಿನ ತೀರ್ಪು ಕೊಟ್ಟವರೇ ಒಳಗೆ ಬಂದು, ಬಣ್ಣ ಮೆಚ್ಚಿ, ‘ಸೊಸೈಟಿಯಿಂದ ಹತ್ತು ಚೀಲ ಪೊಟ್ಯಾಷ್ ತರುವುದಿತ್ತು’ ಎನ್ನುತ್ತಾರೆ. ಇಲ್ಲ ಎನ್ನಲು ಆಗದಿದ್ದರೆ ತೊಟ್ಟಿಗೆ ದಪ್ಪ ತಾಡಪಾಲು ಹಾಸಿ. ಅದೇ ಸಂಜೆ ಮೂಲೆಮೂಲೆಗೆ ನೀರು ಬಿಟ್ಟು ತೊಳೆದು, ಹಿಂದಿನ ಡೋರು ತೆರೆದು, ಮೂತಿ ಸ್ವಲ್ಪ ಏರಿನ ಕಡೆಗೆ ಮಾಡಿ, ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು ನಿಲ್ಲಿಸಿ.